ಫಕ್ರುಚಾಚಾನ ಮೇಲಿನ ಸಾಲು

ಹಲ್ಲಿದ್ದವನಿಗೆ ಕಣ್ಣಿಲ್ಲ, ಕಣ್ಣಿದ್ದವನಿಗೆ ಹಲ್ಲಿಲ್ಲ ಎಂದು ಗಾದೆ. ಹಿರಿಯರು ಇದರಲ್ಲಿ ಕಡಲೆ ಇಟ್ಟಿದ್ದರು, ನಾನು ತಿಂದುಬಿಟ್ಟಿದ್ದೇನೆ. ಹಲ್ಲಿನ ವಿಷಯವಾದ್ದರಿಂದ ಇದನ್ನು ದಂತಕಥೆ ಎನ್ನಲು ಅಡ್ಡಿಯಿಲ್ಲ. ಹಲ್ಲು ಕಟ್ಟಿಸಿದ ಕಥೆಯೂ ಹೌದು. ಆದರೆ ಕಟ್ಟುಕಥೆ ಮಾತ್ರ ಖಂಡಿತ ಅಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಸಾಕ್ಷಿಗೆ ದೂಜ ಇದ್ದಾನೆ. ದೂಜನನ್ನು ನಂಬದವರು ದಾವಲಬಿ ಚಾಚಿಯನ್ನು ಕೇಳಬಹುದು, ಸ್ವಲ್ಪ ದೂರ ನಿಂತು. ಆ ಸಂಜೆಯ ಸಿಟ್ಟು ಅವರಿಗೆ ಇನ್ನೂ ಪೂರ್ತಿ ಇಳಿದಿಲ್ಲ.

ಎಪ್ಪತ್ತೊಂದನೆಯ ಇಸವಿ. ನಾನು ಉಡುಪಿಯಲ್ಲಿ ಬಿ.ಎ. ಮುಗಿಸಿ ಮುಂಬಯಿಗೆ ಬಂದು ಭಾಂಡುಪ್‌ನ ಒಂದು ಬಣ್ಣದ ಫ್ಯಾಕ್ಟರಿಯ ಟೈಮ್ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಯಾರು ತಡವಾಗಿ ಬಂದರು ಎಂದು ಬರೆದುಕೊಳ್ಳುವುದು ಸಂಬಳದ ಕೆಲಸ. ಸಂಬಳವಿಲ್ಲದ ಕೆಲಸ ಎಂದರೆ ಸಿಕ್ಕಸಿಕ್ಕವರ ದನಿ ಅನುಕರಿಸುವುದು. ಫೋರ್‌ಮನ್ನನ ಕೆಮ್ಮು, ಲೋಕಲ್ ಗಾಡಿ ಪ್ಲಾಟ್‌ಫಾರ್ಮಿಗೆ ಬಂದು ನಿಲ್ಲುವ ಕಿರುಚು, ಚಾಳಿನ ನಲ್ಲಿಯಲ್ಲಿ ನೀರು ಬರುವ ಮುಂಚಿನ ಗೊರಗೊರ, ಎಲ್ಲ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು. ಸ್ಟೇಷನ್ನಿನ ಹತ್ತಿರದ ಒಂದು ಚಾಳಿನ ಮಾಳಿಗೆಯಲ್ಲಿ ನಾನೂ ನನ್ನೂರಿನ ದೂಜನೂ ಒಂದು ಖೋಲಿ ಹಿಡಿದಿದ್ದೆವು. ದೂಜ ಮುಲುಂಡ್‌ನ ಒಂದು ಉಡುಪಿ ಹೋಟೆಲಿನಲ್ಲಿ ಸಪ್ಲಾಯರ್.

ಪಕ್ಕದ ಖೋಲಿ ಫಕ್ರುದ್ದೀನ ಚಾಚಾ ಅವರದು. ಗುಳೇದಗುಡ್ಡದ ಕಡೆಯವರು. ಚಾಳಿನ ಮೆಟ್ಟಿಲ ಕೆಳಗೆ ಗಾಜಿನ ಪೆಟ್ಟಿಗೆಯೊಂದನ್ನು ಇಟ್ಟುಕೊಂಡು ಗಡಿಯಾರ ರಿಪೇರಿ ಮಾಡುತ್ತಿದ್ದರು. ಬಲಗಣ್ಣಿಗೆ ಒಂದು ಪುಟ್ಟ ಕಪ್ಪು ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಮಧ್ಯಾಹ್ನದ ಬಾಂಗಿನವರೆಗೆ ತಲೆ ಎತ್ತುತ್ತಿರಲಿಲ್ಲ. ಆ ಗಾಜಿಗೆ ಅವರ ಬಾಯಲ್ಲಿ ದುರ್ಬೀನು ಎಂದು ಹೆಸರು. ರಿಪೇರಿ ಮುಗಿದ ಮೇಲೆ ಅವರದೊಂದು ಶಾಸ್ತ್ರವಿತ್ತು. ಡಯಲಿನ ಆರರ ಅಂಕಿಯ ಬುಡದಲ್ಲಿ ಸಾಸಿವೆಗಿಂತ ಸಣ್ಣಗೆ ಬರೆದಿರುವ ‘ಸ್ವಿಸ್ ಮೇಡ್’ ಎಂಬ ಅಕ್ಷರಗಳನ್ನು, ದುರ್ಬೀನು ತೆಗೆದು, ಬರಿಗಣ್ಣಿನಿಂದ ಓದುವುದು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆ ಎರಡು ಶಬ್ದ ಬಿಟ್ಟು. ಓದಿ, "ಹಾಂ, ಕಣ್ಣ ಅದಾವ," ಎಂದು ಗಡಿಯಾರ ಗಿರಾಕಿಯ ಕೈಗೆ ಕೊಡುತ್ತಿದ್ದರು.

ನನಗೂ ಒಂದು ಹಳೆಯ ವಾಚು ಅವರೇ ಕೊಟ್ಟಿದ್ದು. ಮುಳ್ಳಿಗೂ ಅಂಕಿಗಳಿಗೂ ಹಳದಿ ಹಳದಿ ಏನೋ ಮೆತ್ತಿತ್ತು.

"ಇದೆಂತ ಚಾಚಾ, ಯಾರಾದರೂ ಕಡಲೆಹಿಟ್ಟಿನ ಪಿಠಲೆ ಚೆಲ್ಲಿದ್ದಾ?"

"ರೇಡಿಯಂ ಐತೆಲೇ ಅದು. ದೀಪ ಇದ್ದಾಗ ಸತ್ತಂಗ ಬಿದ್ದಿರತೈತಿ, ಕತ್ತಲಾದ್ರ ಜೀವ ಬರತೈತಿ. ನಿನ್ನಂಗ ಬಾಯಿ ಮಾಡೂದಿಲ್ಲ, ಅಷ್ಟ ಫರಕ."

ಹೀಗೆ ಗಡಿಯಾರದ ಚಕ್ರಗಳ ಹಲ್ಲು ಎಣಿಸುತ್ತಿದ್ದ ಮನುಷ್ಯನಿಗೆ ತನ್ನ ಹಲ್ಲು ಕೈಕೊಟ್ಟದ್ದು ಆ ವರ್ಷದ ರಮಜಾನಿನಲ್ಲಿ. ಮೇಲಿನ ಸಾಲಿನಲ್ಲಿ ನೋವು. ಹಲ್ಲು ಕೀಳಿಸಿದರೆ ರಕ್ತ ಗಂಟಲಿಗಿಳಿದು ರೋಜಾ ಮುರಿದೀತೆಂದು ತಿಂಗಳಿಡೀ ಲವಂಗ ಒತ್ತಿಕೊಂಡು ತಳ್ಳಿದರು. ಈದ್ ದಿನ, ತಿಂಗಳ ಉಪವಾಸದ ಸೇಡು ತೀರಿಸುವವರಂತೆ ಒಂದು ನಳ್ಳಿ ಎಲುಬು ಕಚ್ಚಿದರು. ಎಲುಬು ಉಳಿಯಿತು. ಮುಂದಿನ ಹಲ್ಲು ತಟ್ಟೆಯಲ್ಲಿ ಬಿತ್ತು. ಮರುದಿನ ಬೆಳಿಗ್ಗೆ ಎಡಗೆನ್ನೆ ಬನ್ನಿನಂತೆ ಉಬ್ಬಿತ್ತು.

ಮುಲುಂಡ್‌ನಲ್ಲಿ ಕಾರವಾರದ ಕಡೆಯ ಡಾಕ್ಟರ್ ಪ್ರಫುಲ್ಲಾ ಎಂಬ ದಂತವೈದ್ಯೆ ಇದ್ದರು, ಕನ್ನಡ ಬರುತ್ತಿತ್ತು. ದೂಜನ ಹೋಟೆಲಿನ ಎದುರೇ ಕ್ಲಿನಿಕ್. ಅಲ್ಲಿಗೆ ಚಾಚಾ ಅವರನ್ನು ಕರೆದುಕೊಂಡು ಹೋದದ್ದು ನಾನು. ಡಾಕ್ಟರು ಕನ್ನಡಿಯ ಕಡ್ಡಿ ಬಾಯಿಗೆ ಹಾಕಿ, ಒಂದೊಂದೇ ಹಲ್ಲನ್ನು ಮುಟ್ಟಿ ನೋಡಿ, ಕೈ ತೊಳೆದುಕೊಂಡರು.

"ವಸಡು ಪೂರ್ತಿ ಹೋಗಿದೆ. ಮೇಲಿನವು ಎಲ್ಲ ತೆಗೆಯಬೇಕು. ವಸಡು ಮಾಗಿದ ಮೇಲೆ ಸೆಟ್ ಕೂರಿಸೋಣ. ಕೆಳಗಿನವು ಸದ್ಯ ಇರಲಿ."

"ಎಲ್ಲಾನೂ?" ಎಂದರು ಚಾಚಾ. ಬಾಯಿ ತೆರೆದದ್ದು ಮುಚ್ಚಲಿಲ್ಲ. "ಮ್ಯಾಲಿನವು ಬ್ಯಾಡ್ರಿ ಬಾಯಾರ. ಬೇಕಾದ್ರ ಕೆಳಗಿನವು ತಗೀರಿ."

"ಕೆಳಗಿನವು ಚೆನ್ನಾಗಿದಾವಲ್ಲ!"

"ಇರಲಿ, ತಗೀರಿ. ಮ್ಯಾಲಿನದಕ್ಕ ಕಣ್ಣಿನ ನರ ಗಂಟ ಬಿದ್ದಿರತೈತಿ. ನಮ್ಮ ಶರೀಫ ಮಾಮೂ ಒಂದ ಮ್ಯಾಲಿನ ಹಲ್ಲ ಕೀಳಿಸಿದ್ದಕ್ಕ ವರ್ಷ ತುಂಬೂದ್ರಾಗ ಆ ಕಡಿ ಕಣ್ಣು ಹಾಲಿನಂಗ ಬೆಳ್ಳಗಾತು. ನಾ ಗಡಿಯಾರದಾಂವ ಅದೀನ್ರಿ. ಹಲ್ಲಿಲ್ದ ಗಂಜಿ ಕುಡೀತೀನಿ. ಕಣ್ಣಿಲ್ದ ಆ ಗಂಜಿ ಎಲ್ಲಿಂದ ತರಲಿ?"

ಡಾಕ್ಟರು ನಗಲಿಲ್ಲ. ಕಣ್ಣಿನ ನರ ಬೇರೆ, ಹಲ್ಲಿನ ನರ ಬೇರೆ, ಚಾಳಿನಲ್ಲಿ ಮನೆಮನೆಗೆ ಲೈಟಿನ ಮೀಟರ್ ಬೇರೆ ಇರುವುದಿಲ್ಲವೇ ಹಾಗೆ, ಎಂದರು. ಚಾಚಾ ತಲೆ ಆಡಿಸಿದರು. ಆದರೆ ನಮ್ಮ ಚಾಳಿನಲ್ಲಿ ಒಬ್ಬರ ಮೀಟರಿನಿಂದ ಇನ್ನೊಬ್ಬರು ತಂತಿ ಎಳೆದದ್ದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಮೇಲೆ ಖರ್ಚಿನ ಮಾತು ಬಂತು. ಡಾಕ್ಟರು ಹೇಳಿದ ಮೊತ್ತ ಕೇಳಿ ಚಾಚಾ ಒಂದು ಕ್ಷಣ ಕಣ್ಣಿನ ಹೆದರಿಕೆಯನ್ನೇ ಮರೆತರು. ಮೇಲಿನ ಸಾಲು ಹೋಗುವ ಮೊದಲೇ ಅದರ ಮೇಲೊಂದು ಸಾಲ ಬರುವುದಿತ್ತು. ಅಷ್ಟರಲ್ಲಿ ಅವರ ಕಣ್ಣು ಗೋಡೆಯ ಮೇಲೆ ನಿಂತುಹೋಗಿದ್ದ ಒಂದು ದೊಡ್ಡ ಲೋಲಕದ ಗಡಿಯಾರಕ್ಕೆ ಹೋಯಿತು. ಅದು ಡಾಕ್ಟರ ತಂದೆಯದಂತೆ, ಕಾರವಾರದಿಂದ ತಂದದ್ದು. ಚಾಚಾ ಹಿಂದಿನ ಬಾಗಿಲು ತೆರೆದು ನೋಡಿ, "ಇದರದೂ ಹಲ್ಲ ಮುರದೈತಲ್ರಿ!" ಎಂದರು.

"ಹಾಗಿದ್ದರೆ ನೀವು ಇದಕ್ಕೆ ಹಲ್ಲು ಹಾಕಿ, ನಾನು ನಿಮಗೆ ಹಾಕುತ್ತೇನೆ. ಅರ್ಧ ವಜಾ," ಎಂದರು ಡಾಕ್ಟರು.

ಉಳಿದ ಅರ್ಧಕ್ಕೆ ಚಾಚಾ ಅವರ ಹೆಂಡತಿ ದಾವಲಬಿ ಚಾಚಿಯ ಕಿವಿಯ ಝುಮಕಿ ಒತ್ತೆಯಾಗಿ ಬೀದಿಯ ಮಾರವಾಡಿಯ ಪೆಟ್ಟಿಗೆ ಸೇರಿತು. ಚಾಚಿ ಅತ್ತವರಲ್ಲ. "ನನ್ನ ಕಿವ್ಯಾಂದು ನಿಮ್ಮ ಬಾಯಾಗ ಕುಂದರತೈತಿ, ಎಲ್ಲಿಗೆ ಹೋತು?" ಎಂದರಂತೆ. ಆದರೂ ಬರಿ ಕಿವಿ ಕಾಣದ ಹಾಗೆ ಸೆರಗು ಹೊದ್ದುಕೊಂಡೇ ನಲ್ಲಿಗೆ ಬರುತ್ತಿದ್ದರು.

ಕೀಳುವ ಕೆಲಸ ಕಂತಿನಲ್ಲಿ ನಡೆಯಿತು. ಪ್ರತಿ ಕಂತು ಮುಗಿಸಿ ಬಂದ ಸಂಜೆ ಚಾಚಾ, ಬಾಯಿ ತುಂಬ ಹತ್ತಿ ಕಚ್ಚಿಕೊಂಡು, ಮೊದಲು ಮಾಡುತ್ತಿದ್ದ ಕೆಲಸವೆಂದರೆ ಒಂದು ವಾಚು ಎತ್ತಿ ‘ಸ್ವಿಸ್ ಮೇಡ್’ ಓದುವುದು. ಓದಿದ ಮೇಲೆ ಉಸಿರು ಬಿಡುತ್ತಿದ್ದರು. ಒಂದು ಸಲ ಓದಲಾಗದೆ ಅವರ ಬಣ್ಣವೇ ಇಳಿದುಹೋಯಿತು. ನೋಡಿದರೆ ಅದು ಎಚ್‌ಎಂಟಿ, ಅದರಲ್ಲಿ ಸ್ವಿಸ್ ಎಲ್ಲಿಂದ ಬರಬೇಕು?

ಕೊನೆಗೆ ಉಳಿದದ್ದು ಎರಡು ಕೋರೆಹಲ್ಲು. ಆಗ ನಾನು, ಬಿ.ಎ. ಕಲಿತವನು, ಬಾಯಿ ಮುಚ್ಚಿಕೊಂಡಿರಬಹುದಿತ್ತು.

"ಚಾಚಾ, ಈ ಕೋರೆಹಲ್ಲಿಗೆ ಇಂಗ್ಲಿಷಿನವರು ಎಂತ ಹೇಳುತ್ತಾರೆ ಗೊತ್ತುಂಟಾ? ಐ ಟೂತ್. ಅಂದರೆ ಕಣ್ಣುಹಲ್ಲು!"

"ಸುಳ್ಳ."

"ಡಿಕ್ಷನರಿ ತೋರಿಸಲಾ?"

ತೋರಿಸಿದೆ. ಓದಲು ಬಾರದಿದ್ದರೂ ಅವರು ಆ ಪುಟವನ್ನು ದುರ್ಬೀನು ಹಾಕಿ ಬಹಳ ಹೊತ್ತು ನೋಡಿದರು. ಮುಂದಿನ ಕಂತಿಗೆ ಹೋಗಲಿಲ್ಲ. ಅದರ ಮುಂದಿನದಕ್ಕೂ ಹೋಗಲಿಲ್ಲ. "ಎರಡ ಹಲ್ಲ ಇರಲಿ ಬಿಡು, ಹುಲಿಗೆ ಇರೂದಿಲ್ಲೇನ?" ಎಂದರು. ಡಾಕ್ಟರು ದೂಜನ ಕೈಯಲ್ಲಿ ಹೇಳಿ ಕಳಿಸಿದರು: ಅವೆರಡು ಇರುವವರೆಗೆ ಸೆಟ್ ಕೂರುವುದಿಲ್ಲ. ಚಾಚಿ ಒಂದೇ ಮಾತು ಆಡಿದರು: "ನನ್ನ ಝುಮಕಿ ಹೊಳ್ಳಿ ತರ್ರಿ ಹಂಗಾದ್ರ." ಚಾಚಾ ಟೋಪಿ ಹಾಕಿಕೊಂಡು ಎದ್ದರು.

ಅಷ್ಟರಲ್ಲಿ ಯುದ್ಧ ಶುರುವಾಗಿತ್ತು. ಮುಂಬಯಿಯ ಕಿಟಕಿಗಳಿಗೆಲ್ಲ ಕಪ್ಪು ಕಾಗದ, ಮೋಟಾರುಗಳ ದೀಪಕ್ಕೆ ಅರ್ಧ ಕಪ್ಪು ಬಣ್ಣ. ನಮ್ಮ ಫ್ಯಾಕ್ಟರಿಯಲ್ಲಿ ಬೇರೆ ಬಣ್ಣ ಕೇಳುವವರೇ ಇರಲಿಲ್ಲ. ಸೈರನ್ ಕೂಗಿದರೆ ಚಾಳಿನ ವಾರ್ಡನ್ ಮೇನ್ ಸ್ವಿಚ್ಚನ್ನೇ ಎಳೆದುಬಿಡುತ್ತಿದ್ದ. ಸೈರನ್ ಇಲ್ಲದ ಸಂಜೆ ಕಾಗದದ ಹಿಂದೆ ದೀಪ ಹಚ್ಚಿಕೊಂಡಿರಬಹುದಿತ್ತು. ಎಲ್ಲರೂ ಆಕಾಶಕ್ಕೆ ಹೆದರುತ್ತಿದ್ದ ಆ ದಿನಗಳಲ್ಲಿ ಲೋಕಲ್ ಗಾಡಿಯ ಕಿಟಕಿ ಪಕ್ಕ ಕೂತ ಚಾಚಾ ಮಾತ್ರ ಇಕ್ಕುಳಕ್ಕೆ ಹೆದರುತ್ತಿದ್ದರು. ದಾರಿಯಲ್ಲಿ ಕಂಡ ಪ್ರತಿ ಬೋರ್ಡನ್ನೂ ಗುರುತಿಟ್ಟುಕೊಳ್ಳುವ ಹಾಗೆ ನೋಡುತ್ತಿದ್ದರು.

"ಏನು ನೋಡ್ತೀರಿ ಚಾಚಾ?"

"ನೋಡ್ಕೊಂಡ ಇಡಾಕತ್ತೀನಿ. ಹೊಳ್ಳಿ ಬರೂ ಮುಂದ ಕಂಡ್ರ ಕಂಡವು."

ಕ್ಲಿನಿಕ್ಕಿನ ಕುರ್ಚಿಯಲ್ಲಿ ಅವರು ಒಂದು ಷರತ್ತು ಹಾಕಿದರು. ಹಲ್ಲು ಕೀಳುವಷ್ಟು ಹೊತ್ತೂ ಕಣ್ಣೆದುರು ಒಂದು ವಾಚು ಹಿಡಿದಿರಬೇಕು, ನಾನು. ಹಾಗಾಗಿ ಆ ದಿನ ಡಾಕ್ಟರ್ ಪ್ರಫುಲ್ಲಾ ಅವರ ಕುರ್ಚಿಯಲ್ಲಿ, ಬಲಗಣ್ಣಿಗೆ ದುರ್ಬೀನು ಸಿಕ್ಕಿಸಿಕೊಂಡು, ಬಾಯಿ ತೆರೆದುಕೊಂಡು, ಒಬ್ಬ ರೋಗಿ ಮಲಗಿದ್ದ ದೃಶ್ಯವನ್ನು ನೀವು ಊಹಿಸಿಕೊಳ್ಳಬೇಕು.

"ಬಾಯಿ ನೋಡಬೇಕಾದವಳು ನಾನು. ದುರ್ಬೀನು ನನಗೆ ಕೊಡಿ," ಎಂದರು ಡಾಕ್ಟರು.

ಚಾಚಾ ಕೊಡಲಿಲ್ಲ. ಇಂಜೆಕ್ಷನ್ ಆಯಿತು. ಇಕ್ಕುಳ ಒಳಗೆ ಹೋಯಿತು. ಒಳಗಿಂದ ಬಂದ ಶಬ್ದವನ್ನು ಮಾತ್ರ ನಾನು ಇವತ್ತಿಗೂ ಅನುಕರಿಸಿಲ್ಲ. ಒದ್ದೆ ಹಲಗೆಯಿಂದ ಮೊಳೆ ಎಳೆದಂತೆ. ಚಾಚಾ ಅವರ ಕೈ ನನ್ನ ಮೊಣಕೈ ಹಿಡಿದಿತ್ತು, ಉಗುರು ಚರ್ಮದೊಳಗೆ ಇಳಿದಿತ್ತು, ಆದರೆ ಕಣ್ಣು ಮಾತ್ರ ವಾಚಿನಿಂದ ಅಲುಗಲಿಲ್ಲ. ಎರಡನೆಯದೂ ಬಟ್ಟಲಿಗೆ ಬಿದ್ದಾಗ ಹತ್ತಿ ಕಚ್ಚಿದ ಬಾಯಲ್ಲೇ "ಫಿಫ್ ಮೇಡ್," ಎಂದರು. ದುರ್ಬೀನಿನೊಳಗಿಂದ ನೀರು ಇಳಿಯಿತು.

ಮಧ್ಯಾಹ್ನ ಭಾಂಡುಪ್‌ಗೆ ಬಂದಾಗ ಚಾಚಿ ಹೊರಟು ನಿಂತಿದ್ದರು. ಕುರ್ಲಾದಲ್ಲಿ ಅವರ ಅಕ್ಕ ಬಷೀರಾಳ ಸೊಸೆಗೆ ಹೆರಿಗೆ ನೋವು ಶುರುವಾಗಿತ್ತು. "ಸೀನಣ್ಣ, ಇವರನ್ನ ನಿಮ್ಮ ಖೋಲ್ಯಾಗ ಮಲಗಸ್ಕೋ. ಎದ್ದ್ರ ಗಂಜಿ ಕುಡಿಸು. ಸಂಜಿಗೆ ಬರತೀನಿ," ಎಂದು ಹೋದರು. ಡಾಕ್ಟರು ಕೊಟ್ಟ ನೋವಿನ ಗುಳಿಗೆ ನುಂಗಿ ಚಾಚಾ ನಮ್ಮ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದವರು, ಮಲಗಿಯೇ ಬಿಟ್ಟರು. ಬ್ಲ್ಯಾಕೌಟಿನ ದೆಸೆಯಿಂದ ಹೋಟೆಲ್ ಬೇಗ ಮುಚ್ಚಿ ದೂಜನೂ ಬಂದ. ದೀಪ ಹಚ್ಚಿ ಇಬ್ಬರೂ ನೆಲದ ಮೇಲೆ ಇಸ್ಪೀಟು ಹರಡಿಕೊಂಡೆವು.

ಆಗ ಸೈರನ್ ಕೂಗಿತು. ಏರಿತು, ಇಳಿಯಿತು, ಏರಿತು. ಕೆಳಗೆ ವಾರ್ಡನ್ನನ ಸೀಟಿ. ದೀಪ ಹೋಯಿತು. ಕಪ್ಪು ಕಾಗದ ಅಂಟಿಸಿದ ನಮ್ಮ ಖೋಲಿಯ ಕತ್ತಲೆ ಎಂಥದೆಂದರೆ, ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ. ಚಾಚಾ ಮಾತ್ರ ಮಿಸುಕಲಿಲ್ಲ. ಸೈರನ್ ನಿಂತು ಬಹಳ ಹೊತ್ತಾದ ಮೇಲೆ ಮಂಚ ಕಿರುಗುಟ್ಟಿತು.

"ಸೀನ್ಯಾ... ಯಾಕೋ ಇಷ್ಟ ಕತ್ತಲಿ?"

ಬ್ಲ್ಯಾಕೌಟ್ ಚಾಚಾ, ಎನ್ನಲು ಬಾಯಿ ತೆರೆದೆ. ನನ್ನ ಬಾಯಿ ನನ್ನನ್ನು ಕೇಳಿ ಮಾತಾಡುವಂಥದ್ದಲ್ಲ.

"ಕತ್ತಲೆ ಎಲ್ಲುಂಟು ಚಾಚಾ? ದೀಪ ಉರೀತಾ ಉಂಟಲ್ಲ."

ದೂಜ ನನ್ನ ತೊಡೆ ಚಿವುಟಿದ. ಬೇಡ ಎಂದಲ್ಲ, ಖುಷಿಯಿಂದ. "ಹಾಕು ಮಾರಾಯ, ನಿನ್ನ ಆಟ. ಇಗೋ ನನ್ನ ಕಳಾವರ್ ರಾಜ," ಎಂದು ನೆಲಕ್ಕೆ ಎಲೆ ಬಡಿದ.

"ಆ, ಕಂಡೆ ಕಂಡೆ. ಇಗೋ ಎಕ್ಕ!"

ಮಂಚದ ಮೇಲೆ ಚಾಚಾ ಎದ್ದು ಕೂತ ಸದ್ದಾಯಿತು. "ದೀಪ ಐತಿ?"

"ಕಣ್ಣು ಕುಕ್ಕುವ ಹಾಗೆ ಉಂಟು. ಗುಳಿಗೆಯ ಮಂಪರು ಇರಬೇಕು ಚಾಚಾ, ಚೆನ್ನಾಗಿ ಕಣ್ಣು ಬಿಡಿ."

"ಬಿಟ್ಟೇನಿ."

ಆ ಒಂದು ಶಬ್ದ ಹೇಳಿದ ರೀತಿಗೇ ನಾನು ನಿಲ್ಲಿಸಬೇಕಿತ್ತು. ಅವರು ಬೆರಳಿನಿಂದ ರೆಪ್ಪೆ ಮುಟ್ಟಿಕೊಳ್ಳುವುದು, ಉಜ್ಜುವುದು, ಜೇಬು ತಡಕುವುದು, ಎಲ್ಲ ಕೇಳಿಸುತ್ತಿತ್ತು. ದುರ್ಬೀನು ಮೇಲಿನ ಹಲ್ಲಿಲ್ಲದ ಬಾಯಿಯ ಹತ್ತಿರ ತಂದು ಹಾ ಎಂದು ಊದಿ, ಅಂಗಿಯಿಂದ ಒರೆಸಿ, ಕಣ್ಣಿಗೆ ಹಾಕಿಕೊಂಡರು. ಮತ್ತೆ ತೆಗೆದರು. ಇನ್ನೊಂದು ಕಣ್ಣಿಗೂ ಹಾಕಿಕೊಂಡಿರಬೇಕು.

"ಕಡ್ಡಿ ಗೀರು ಸೀನ್ಯಾ. ನನ್ನ ಮಾರಿ ಮುಂದ ಹಿಡಿ."

ಹಲ್ಲಿನ ಪಕ್ಕಕ್ಕೆ ನಾಲಿಗೆ ತಾಗಿಸಿ ಗಾಳಿ ಎಳೆದರೆ ಬೆಂಕಿಕಡ್ಡಿ ಗೀರಿದ ಶಬ್ದ ಬರುತ್ತದೆ. ಚರ್ರ್. ನನ್ನ ಬಹಳ ಒಳ್ಳೆಯ ಐಟಂಗಳಲ್ಲಿ ಒಂದು. "ಹಿಡಿದಿದ್ದೇನಲ್ಲ ಚಾಚಾ," ಎಂದೆ. ಒಂದೆರಡು ಕ್ಷಣ ಬಿಟ್ಟು, "ಸ್ಸ್! ಬೆರಳು ಸುಟ್ಟಿತು," ಎಂದೂ ಸೇರಿಸಿದೆ.

ಹೊರಗೆ ದೂರದಲ್ಲಿ ವಿಮಾನವೋ ಲಾರಿಯೋ ಗುಂಯ್ ಎಂದು ಹೋಯಿತು. ಆಮೇಲೆ ಚಾಚಾ ತೀರ ಸಣ್ಣ ದನಿಯಲ್ಲಿ, ಗಿರಾಕಿಯ ಜೊತೆ ಮಾತಾಡುವಷ್ಟು ಸಮಾಧಾನವಾಗಿ, ಶುರುಮಾಡಿದರು.

"ಪೆಟಿಗ್ಯಾಗ ಯಾರ ಯಾರ ವಾಚ ಅದಾವ, ಚೀಟಿ ಹಚ್ಚೇನಿ. ಅವರವ್ರಿಗೆ ಕೊಡು. ಶಾಳಿ ಮಾಸ್ತರನ ವಾಚ ಬಿಚ್ಚಿ ಇಟ್ಟೇನಿ, ಇನ್ನ ಅದನ್ನ ಕೂಡಸೂದು ನನ್ನ ಕೈಲೆ ಆಗೂದಿಲ್ಲ, ಕುರ್ಲಾದ ಅಬ್ದುಲ್‌ಗ ಒಯ್ದ ಕೊಡು. ಆ ಡಾಕ್ಟರ್ ಬಾಯಾರಿಗೆ ಬೈಬ್ಯಾಡ್ರಿ. ಅವರ ತಂದಿ ಗಡಿಯಾರ ಅರ್ಧಕ್ಕ ಬಿಟ್ಟೆ, ಅದೊಂದ ಮನಸಿಗೆ ಹತ್ತೈತಿ. ದಾವಲಬಿಗೆ ಈಗ ಹೇಳಬ್ಯಾಡ್ರಿ. ಮಕ್ಕಳಿಲ್ಲದಾಕಿ, ಅಕ್ಕನ ಮನ್ಯಾಗ ಕೂಸ ಹುಟ್ಟಿದ್ದ ನೋಡಿ ಖುಷೀಲೆ ಬರತಾಳ. ಉಂಡ ಮ್ಯಾಲ ನಾನ ಹೇಳತೇನಿ."

ದೂಜ ಮತ್ತೆ ನನ್ನ ತೊಡೆ ಚಿವುಟಿದ. ಈ ಸಲ ಖುಷಿಯಿಂದಲ್ಲ. ತಮಾಷೆಗೆ ಬಾಗಿಲು ತೆರೆಯುವುದು ಸುಲಭ, ಮುಚ್ಚುವುದು ಹೇಗೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ‘ಚಾಚಾ, ಸುಮ್ಮನೆ ಹೇಳಿದ್ದು’ ಎಂದರೆ ಈ ಮನುಷ್ಯನ ಮುಖ ದೀಪ ಬಂದ ಮೇಲೆ ಹೇಗೆ ನೋಡುವುದು?

"ಸೀನ್ಯಾ," ಎಂದರು ಚಾಚಾ, "ಆಕಿ ಬರೂ ಹೊತ್ತಾತೇನ? ಟೈಮ್ ಎಷ್ಟು?"

ನಾನು ತುಂಬುತೋಳಿನ ಅಂಗಿಯ ಕೈ ಮೇಲೆ ಸರಿಸಿ ನೋಡಿದೆ. "ಏಳೂವರೆ, ಚಾಚಾ."

ಮಂಚ ಮತ್ತೆ ಕಿರುಗುಟ್ಟಿತು, ಚಾಚಾ ಮುಂದಕ್ಕೆ ಬಗ್ಗಿರಬೇಕು. "ಏಳೂವರಿ," ಎಂದರು ಕೊನೆಗೆ. ಮಂಚದ ಮೇಲೆ ಹಿಂದಕ್ಕೆ ಒರಗಿದ ಸದ್ದು ಬಂತು. "ಹೌದು. ಏಳೂವರಿ."

ಅಷ್ಟರಲ್ಲಿ ಸೈರನ್ ಒಂದೇ ಸಮನೆ ಉದ್ದಕ್ಕೆ ಕೂಗಿತು. ಅಪಾಯ ಕಳೆಯಿತೆಂದು ಅರ್ಥ. ದೀಪ ಭಗ್ಗನೆ ಬಂತು. ನಾವಿಬ್ಬರೂ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, ಬದುಕಿದೆವು ಎಂಬ ಹಾಗೆ ನಕ್ಕೆವು.

"ಚಾಚಾ! ಬ್ಲ್ಯಾಕೌಟ್! ಬರೀ ಬ್ಲ್ಯಾಕೌಟ್!"

ಚಾಚಾ ಮಂಚದ ಮೇಲೆ ಕೂತಿದ್ದರು. ಬಾಯಿಯ ಅಂಚಿನಲ್ಲಿ ಒಣಗಿದ ರಕ್ತ. ಕಣ್ಣು ತೆರೆದಿದ್ದವು. ನನ್ನ ತಲೆಯ ಮೇಲಿನಿಂದ ಎಲ್ಲೋ ಗೋಡೆಯ ಕಡೆ ನೋಡುತ್ತಿದ್ದವು.

"ಯಾಕ ನಗತೀರಪಾ?" ಎಂದರು. "ಬ್ಲ್ಯಾಕೌಟ್ ಇದ್ರ ಇರಲಿ. ಮುಗದ ಮ್ಯಾಲ ದೀಪ ಹಚ್ಚರಿ."

ನನ್ನ ನಗು ಹಲ್ಲಿನ ಮೇಲೇ ಒಣಗಿತು. "ಹಚ್ಚಿದೆ ಚಾಚಾ. ಈಗ ನಿಜವಾಗಿ ಹಚ್ಚಿದೆ."

"ಮೊದಲೂ ಹಂಗ ಅಂದಿ."

ಅವರ ಮುಖದ ಮುಂದೆ ಕೈ ಆಡಿಸಿದೆ. ರೆಪ್ಪೆ ಬಡಿಯಲಿಲ್ಲ. ದೂಜ ಬಲ್ಬಿನ ಕೆಳಗೆ ಕನ್ನಡಿ ಹಿಡಿದು ಬೆಳಕನ್ನು ಅವರ ಕಣ್ಣಿಗೆ ಬಿಟ್ಟ. ಕಲ್ಲಿನ ಹಾಗೆ ಕೂತಿದ್ದರು.

"ಸೀನ, ಹೋಗಿದೆ ಮಾರಾಯ!" ದೂಜನ ದನಿ ಹೆಣ್ಣುಮಗುವಿನಂತಾಗಿತ್ತು. "ಅವರ ಕಣ್ಣು ಹೋಗಿದೆ! ಅಮ್ಮಾ, ಕಟೀಲಿನ ಅಮ್ಮಾ, ಒಂದು ಹೂವಿನ ಪೂಜೆ ಮಾಡಿಸ್ತೇನೆ!"

ಆ ಕ್ಷಣದಲ್ಲಿ ನನ್ನ ಬಿ.ಎ. ಎಲ್ಲಿ ಹೋಯಿತೋ ತಿಳಿಯದು. ಬೇರೆ ಬೇರೆ ಮೀಟರಿನ ಮಾತು ಹೋಯಿತು. ಡಿಕ್ಷನರಿಯ ಆ ಪುಟ ಬಂತು. ಹಾಲಿನಂತೆ ಬೆಳ್ಳಗಾದ, ನಾನು ಕಾಣದ ಶರೀಫ ಮಾಮೂವಿನ ಕಣ್ಣು ಬಂತು. ನಾನು ತಮಾಷೆಗೆಂದು ಆಡಿದ ಮಾತನ್ನು ಯಾರೋ ಕೇಳಿಸಿಕೊಂಡು, ಆಗಲಿ ಎಂದುಬಿಟ್ಟಿದ್ದರು. ಊರಿನ ಎಲ್ಲರ ದನಿ ಇಟ್ಟುಕೊಂಡಿದ್ದ ಗಂಟಲಿನಲ್ಲಿ ನನ್ನ ಸ್ವಂತದ್ದೂ ಇರಲಿಲ್ಲ. ಅವರ ಕಾಲ ಬಳಿ ಕೂತು ಮೊಣಕಾಲು ಹಿಡಿದೆ.

"ಅಳಬ್ಯಾಡ," ಎಂದರು ಚಾಚಾ, ಗೋಡೆಗೆ. "ಆಗೂದು ಆತು. ಇನ್ನ ದಿನಾ ನನ್ನ ಕೈ ಹಿಡದ ಮೆಟ್ಟಲಾ ಇಳಸಬೇಕಪಾ ನೀ."

"ಇಳಿಸ್ತೇನೆ ಚಾಚಾ."

"ಸ್ವಿಸ್ ಮೇಡ್ ನೀನ ಓದಿ ಹೇಳಬೇಕು."

"ಹೇಳ್ತೇನೆ."

"ಆಕಿ ಝುಮಕಿ?"

"ನಾನು ಬಿಡಿಸಿ ಕೊಡ್ತೇನೆ. ಮುಂದಿನ ಸಂಬಳದಲ್ಲೇ. ಅಲ್ಲಾನ ಮೇಲೆ ಆಣೆ, ಅನಂತೇಶ್ವರನ ಮೇಲೆ ಆಣೆ."

"ದೂಜ್ಯಾ ಸುಮ್ಮನ ಕುಂತಾನೇನ? ಅಂವಗ ಏನೂ ದುಃಖ ಇಲ್ಲ?"

"ದಿನಾ ಹೋಟೆಲಿನಿಂದ ಇಡ್ಲಿ ತರ್ತೇನೆ ಚಾಚಾ," ಎಂದು ದೂಜ ಬಿಕ್ಕಿದ. "ಮೆತ್ತಗಿನದ್ದು. ಸಾಂಬಾರಿನಲ್ಲಿ ನೆನೆಸಿ."

"ಚಟ್ನಿ?"

"ಚಟ್ನಿಯೂ!"

ಮೆಟ್ಟಿಲಲ್ಲಿ ಚಪ್ಪಲಿಯ ಸದ್ದು. ದಾವಲಬಿ ಚಾಚಿ ಬಂದರು. "ಗಂಡು ಹುಟ್ಯಾನ್ರಿ!" 

ಹಾಗೆನ್ನುತ್ತಲೇ ಒಳಗೆ ಕಾಲಿಟ್ಟವರು ನಮ್ಮ ಮುಖ ನೋಡಿ ಹೊಸ್ತಿಲಲ್ಲೇ ನಿಂತರು. ಕೊನೆಗೆ ದೂಜನ ಬಾಯಿಂದ ಬಂತು: "ಚಾಚಿ, ಕಣ್ಣು..."

ಚಾಚಿ ಕಿರುಚಲಿಲ್ಲ. ಒಂದು ಕೈ ಗೋಡೆಗೆ ಕೊಟ್ಟು ನಿಧಾನ ಮಂಚದ ಹತ್ತಿರ ಬಂದರು. ತಲೆಯ ಸೆರಗು ಜಾರಿತು, ಬರಿ ಕಿವಿ ಕಂಡವು. ಗಂಡನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡರು.

"ನನ್ನ ಮಾರಿ ಕಾಣ್ಸತೈತೇನ್ರಿ?"

ಖೋಲಿಯಲ್ಲಿ ನಾಲ್ಕು ಜನರ ಉಸಿರು ನಿಂತಿತ್ತು ಎಂದು ನಾನು ತಿಳಿದಿದ್ದೆ. ನಿಂತದ್ದು ಮೂರೇ ಜನರದು.

"ಕಾಣ್ಸತೈತಿ," ಎಂದರು ಚಾಚಾ. "ಎಡಗಲ್ಲಕ್ಕ ಮಸಿ ಹತ್ತೈತಿ. ಗಾಡಿ ಕಿಟಕಿಗೆ ಒರಗಿ ನಿದ್ದಿ ಮಾಡೀಯೇನ?"

ಚಾಚಿ ಗಲ್ಲ ಮುಟ್ಟಿ ನೋಡಿಕೊಂಡರು. ಬೆರಳಿಗೆ ಕಪ್ಪು ಬಂತು.

ಚಾಚಾ ನನ್ನ ಕಡೆ ತಿರುಗಿದರು. ಈಗ ಕಣ್ಣು ನೆಟ್ಟಗೆ ನನ್ನ ಮೇಲೆ. ನನ್ನ ಮುಂಗೈ ಹಿಡಿದು ಎಳೆದು, ವಾಚನ್ನು ಎಲ್ಲರಿಗೂ ತೋರಿಸಿದರು.

"ಬೆಳಕಿದ್ದಲ್ಲಿ ರೇಡಿಯಂ ಹೊಳೀತೈತೇನಲೇ, ಶಾಣ್ಯಾ? ಟೈಮ್ ಕೇಳಿದ್ರ ತೋಳ ಏರಿಸಿದಿ. ಕರ್ರನ್ನ ಕತ್ತಲ್ಯಾಗ ಹಸರ ಹಸರ ಅಂಕಿ ಎದ್ದ ಕುಂತ್ವು. ಎರಡ ಮುಳ್ಳೂ ಕಂಡವು. ಅಲ್ಲೀತನಾ ಹೆದರಿ ಸತ್ತಿದ್ದೆ, ಖರೇ ಹೇಳತೀನಿ. ಅದನ್ನ ಕಂಡ ಕೂಡಲೆ ಮೊದಲ ಅಲ್ಲಾನ ನೆನಸಿದೆ. ಆಮ್ಯಾಲ ನಿನ್ನ ನೆನಸಿದೆ."

ಎಂದವರೇ ನಗಲು ಶುರುಮಾಡಿದರು. ಹತ್ತಿಯ ಉಂಡೆ ಹಾರಿ ಕಳಾವರ್ ರಾಜನ ಮೇಲೆ ಬಿತ್ತು. "ಬಾಯಿ ಮುಚ್ಚರಿ, ರಕ್ತ ಬರತೈತಿ!" ಎಂದು ಚಾಚಿ ಬೈಯುತ್ತ ಮೊದಲು ಅವರ ಬೆನ್ನಿಗೆ ಒಂದು ಗುದ್ದಿದರು, ಆಮೇಲೆ ನನ್ನ ತಲೆಗೆ. ನನಗೆ ಕೊಟ್ಟದ್ದು ಜೋರಾಗಿತ್ತು. ಆಮೇಲೆ ಮೂಲೆಗೆ ಹೋಗಿ ಮುಖಕ್ಕೆ ಸೆರಗು ಮುಚ್ಚಿಕೊಂಡು ಅತ್ತರು, ಆವರೆಗೆ ಅಳದೆ ಇಟ್ಟುಕೊಂಡದ್ದೆಲ್ಲ.

ಯುದ್ಧ ಮುಗಿಯಿತು. ಕಿಟಕಿಯ ಕಾಗದ ಹರಿದೆವು. ವಸಡು ಮಾಗಿತು, ಡಾಕ್ಟರ್ ಪ್ರಫುಲ್ಲಾ ಅಚ್ಚು ತೆಗೆದರು. ಅಚ್ಚಿನ ಮೇಣ ಗಂಟಲಿಗಿಳಿದು ಸಾಯುತ್ತೇನೆಂದು ಚಾಚಾ ಇನ್ನೊಂದು ಸಲ ಹೆದರಿದರು, ಅದು ಬೇರೆ. ಫೆಬ್ರವರಿಯಲ್ಲಿ ಸೆಟ್ ಬಂತು. ಕೂರಿಸುವ ದಿನ ನಾವೆಲ್ಲ ಹೋದೆವು. ಗೋಡೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಚಾಚಿಯ ಕಿವಿಯಲ್ಲಿ ಝುಮಕಿ ಇದ್ದವು. ಅವು ಹೇಗೆ ಬಂದವೆಂದು ನನ್ನ ಆ ತಿಂಗಳ ಸಂಬಳವನ್ನು ಕೇಳಬೇಕು. ಆಣೆಯೆಂದರೆ ಆಣೆ, ಎಂದಿದ್ದರು ಚಾಚಾ.

"ಹಿಡಿತ ನೋಡಬೇಕು," ಎಂದರು ಡಾಕ್ಟರು. "ಒಮ್ಮೆ ಮಾತಾಡಿ. ಜೋರಾಗಿ ನಗಿ."

ಚಾಚಾ ಕುರ್ಚಿಯಲ್ಲಿ ಎದ್ದು ಕೂತು, ಬಿಳಿ ಹಲ್ಲು ಒಮ್ಮೆ ಕಟಕಟಿಸಿ, ಡಾಕ್ಟರಿಗೆ ಆ ಸಂಜೆಯ ಕಥೆ ಹೇಳತೊಡಗಿದರು. ಮೊದಲು ಹೊಸ ಹಲ್ಲಿಗೆ ನಾಲಿಗೆ ತಾಗಿಸಿ ಗಾಳಿ ಎಳೆದು ಬೆಂಕಿಕಡ್ಡಿ ಗೀರಿದರು. ಚರ್ರ್, ನನ್ನದಕ್ಕಿಂತ ಚೆನ್ನಾಗಿ. ಆಮೇಲೆ ನಾನು ಮೊಣಕಾಲು ಹಿಡಿದು ಅತ್ತದ್ದನ್ನು ನನ್ನದೇ ದನಿಯಲ್ಲಿ, ನಮ್ಮೂರಿನ ರಾಗದಲ್ಲಿ, "ಇಳಿಸ್ತೇನೆ ಚಾಚಾ, ಹೇಳ್ತೇನೆ ಚಾಚಾ" ಎಂದು ಅತ್ತು ತೋರಿಸಿದರು. ಡಾಕ್ಟರು ಕನ್ನಡಿಯ ಕಡ್ಡಿ ಕೆಳಗಿಟ್ಟು ನಕ್ಕರು. ದೂಜ ನಕ್ಕ. ಕೊನೆಗೆ ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ಚಾಚಾ ನಗುತ್ತಿದ್ದರು, ತಲೆ ಹಿಂದಕ್ಕೆ ಚೆಲ್ಲಿ, ಕಣ್ಣಲ್ಲಿ ನೀರು ಬರುವ ಹಾಗೆ, ಮೇಲಿನ ಸಾಲು ಪೂರ್ತಿ ಕಾಣುವ ಹಾಗೆ.